ಚೌಕದೊಳಗಿನ ಕೊರಕಲು

ಕೆಲಸದಲ್ಲಿದ್ದಾಗಲೇ ತೀರಿಕೊಂಡವರಿಗೆ ನಮ್ಮ ಸಂಸ್ಥೆಯಲ್ಲಿ ಎರಡು ನಿಮಿಷ ಮೌನ, ನಿವೃತ್ತರಾದ ಮೇಲೆ ತೀರಿಕೊಂಡವರಿಗೆ ಒಂದು ನಿಮಿಷ. ಇದು ಯಾವ ಸುತ್ತೋಲೆಯಲ್ಲೂ ಬರೆದಿಲ್ಲ. ಆದರೂ ಇದನ್ನು ಮೀರಿದ ನಿರ್ದೇಶಕರನ್ನು ನಾನು ಕಂಡಿಲ್ಲ. ಮೇಡಂ ನಿವೃತ್ತರಾಗಿ ನಾಲ್ಕು ವರ್ಷವಾಗಿತ್ತು. ಹಾಗಾಗಿ ಅವರ ಪಾಲಿಗೆ ಬಂದದ್ದು ಒಂದು ನಿಮಿಷ. ಅದರಲ್ಲೂ ಕೊನೆಯ ಹತ್ತು ಸೆಕೆಂಡನ್ನು ಯಾರದೋ ಫೋನು ನುಂಗಿತು. ಬಳಿಕ ನಿರ್ದೇಶಕರು ಜೇಬಿನಿಂದ ಚೀಟಿ ತೆಗೆದು, "ಅವರು ಸಂಗ್ರಹಿಸಿದ ಮಣ್ಣಿನ ಮಾದರಿಗಳೇ ನಮ್ಮ ಮಾಡೆಲಿನ ಭದ್ರ ಬುನಾದಿ" ಎಂದು ಓದಿದರು. ಆ ಬುನಾದಿಯ ಏಳು ಕಲ್ಲುಗಳನ್ನು ಕಿತ್ತು ಬಿಸಾಡಿದವನು ನಾನು. ಚೀಟಿ ಬರೆದುಕೊಟ್ಟವನೂ ನಾನೇ.

ನಾನು ಅಹಮದಾಬಾದಿಗೆ ಬಂದು ಕೆಲಸಕ್ಕೆ ಸೇರಿದಾಗ ಮೇಡಂಗೆ ಐವತ್ತು ದಾಟಿತ್ತು. ಕಂಪ್ಯೂಟರುಗಳ ಕೋಣೆಗಳೆಲ್ಲ ಮುಗಿದು, ಏಸಿಯ ತಂಪು ತಲುಪದ ಕಾರಿಡಾರಿನ ತುದಿಯಲ್ಲಿ ಅವರ ಮಣ್ಣಿನ ಪ್ರಯೋಗಾಲಯವಿತ್ತು. ಉಳಿದವರೆಲ್ಲ ಆಕಾಶದಿಂದ ಭೂಮಿಯನ್ನು ನೋಡುವವರು. ಭೂಮಿಯನ್ನು ಭೂಮಿಯ ಮೇಲೆಯೇ ನಿಂತು ನೋಡುತ್ತಿದ್ದವರು ಇಡೀ ವಿಭಾಗದಲ್ಲಿ ಅವರೊಬ್ಬರೇ. ಮೊದಲ ದಿನ ಯಾರೋ, "ನಿಮ್ಮ ಕಡೆಯವರೇ, ಹೋಗಿ ಮಾತಾಡಿಸಿ" ಎಂದು ಕಳಿಸಿದರು. ಹೋದೆ. ಅವರು ಕತ್ತೆತ್ತದೆ ಕೇಳಿದರು:

"ಯಾವ ಕಡೆಯವ್ರಪ್ಪಾ?"

"ಧಾರವಾಡದ ಕಡೆಯಾಂವ ರೀ ಮೇಡಂ."

"ಎರೆಮಣ್ಣು! ಮಳೆ ಬಂದ್ರೆ ಕಾಲು ಬಿಡಲ್ಲ, ಬಿಸಿಲು ಬಂದ್ರೆ ಬಿರುಕು ಬಿಡುತ್ತೆ. ನಮ್ದು ಚಿತ್ರದುರ್ಗದ ಕಡೆ ಕೆಂಪು ನೆಲ. ನೀರು ಬಿದ್ದಷ್ಟೇ ಬೇಗ ಇಳಿದುಹೋಗುತ್ತೆ. ಅದಕ್ಕೇ ನೋಡಿ, ನಾನು ಯಾವ ಮಾತನ್ನೂ ಮನಸ್ಸಲ್ಲಿ ಇಟ್ಕೊಳ್ಳಲ್ಲ."

ಇದು ಶುದ್ಧ ಸುಳ್ಳು ಎಂದು ತಿಳಿಯಲು ನನಗೆ ಒಂದು ವಾರವೂ ಬೇಕಾಗಲಿಲ್ಲ. ಹಿಂದಿನ ಹಿಂದಿನ ನಿರ್ದೇಶಕರು ಸಭೆಯೊಂದರಲ್ಲಿ ತಮ್ಮ ಮಾತನ್ನು ಅರ್ಧಕ್ಕೆ ತಡೆದದ್ದನ್ನು ಅವರು ವಾರ, ತಿಥಿ ಸಮೇತ ಹೇಳುತ್ತಿದ್ದರು.

ಊರಂಚಿನ ಬೋಪಾಲ್ ಬಡಾವಣೆಯ ದರ್ಜಿಯೊಬ್ಬನ ಹತ್ತಿರ ಹೇಳಿಮಾಡಿಸಿ ತಮ್ಮ ಕಮೀಜುಗಳಿಗೆಲ್ಲ ಎರಡೆರಡು ಆಳವಾದ ಜೇಬು ಹೊಲಿಸಿಕೊಂಡಿದ್ದರು. ಒಂದರಲ್ಲಿ ಮಣ್ಣಿನ ಪೊಟ್ಟಣ, ಇನ್ನೊಂದರಲ್ಲಿ ಪುಟ್ಟ ನೀರಿನ ಬಾಟಲಿ. ಸಭೆಗಳಲ್ಲಿ ನಾವು ಬೇಸರವಾದರೆ ಮೊಬೈಲು ತೀಡುತ್ತೇವೆ. ಅವರು ಅಂಗೈಯಲ್ಲಿ ಚಿಟಿಕೆ ಮಣ್ಣಿಗೆ ಎರಡು ಹನಿ ನೀರು ಬೆರೆಸಿ ಕೋಡುಬಳೆಯ ಹಾಗೆ ಹೊಸೆಯುತ್ತ ಕೂರುತ್ತಿದ್ದರು. ಬಳೆ ಮುರಿಯದೆ ನಿಂತರೆ ಜೇಡಿ, ಮುರಿದರೆ ಮರಳು. ಇದು ಅವರ ವಿದ್ಯೆಯ ಅತ್ಯಂತ ಹಳೆಯ ಪರೀಕ್ಷೆಯಂತೆ. ಒಮ್ಮೆ ದಿಲ್ಲಿಯಿಂದ ಬಂದ ಅತಿಥಿಯೊಬ್ಬರು ಅವರ ಮುಂದೆ ತಟ್ಟೆಯಲ್ಲಿದ್ದ ಅಂಥದೊಂದು ಬಳೆಯನ್ನು ಇಲ್ಲಿನ ಯಾವುದೋ ಫರಸಾಣ್ ತಿಂಡಿ ಎಂದುಕೊಂಡು ಬಾಯಿಗೆ ಹಾಕಿಕೊಂಡರು. ಮೇಡಂ ತಡೆಯಲಿಲ್ಲ. "ಅವರು ಮಣ್ಣಿನ ಬಗ್ಗೆ ಒಂದು ಗಂಟೆ ಭಾಷಣ ಮಾಡಿದ್ರಲ್ಲಪ್ಪಾ, ರುಚಿ ಗೊತ್ತಿರುತ್ತೆ ಅಂದ್ಕೊಂಡೆ" ಎಂದರು.

ನಮ್ಮ ಕೆಲಸವೇನೆಂದು ಇಲ್ಲಿ ಸ್ವಲ್ಪ ಹೇಳಬೇಕು. ಒಂದು ಪ್ರದೇಶದಲ್ಲಿ ಮಳೆ ಎಷ್ಟು ಇಂಗುತ್ತದೆ, ಹುಲ್ಲು ಎಷ್ಟು ಬೆಳೆಯುತ್ತದೆ, ಮರ ಮಣ್ಣು ಸೇರಿ ಗಾಳಿಯಿಂದ ಎಷ್ಟು ಇಂಗಾಲ ಹೀರಿಕೊಳ್ಳುತ್ತವೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ಅದಕ್ಕಾಗಿ ನೆಲವನ್ನು ದೊಡ್ಡ ದೊಡ್ಡ ಚೌಕಗಳಾಗಿ ಕತ್ತರಿಸುತ್ತೇವೆ. ಒಂದೊಂದು ಚೌಕದ ಬದಿ ಇಪ್ಪತ್ತೈದು ಕಿಲೋಮೀಟರು. ಚೌಕಕ್ಕೆ ಒಂದು ಎತ್ತರ, ಒಂದು ಜಾತಿಯ ಮಣ್ಣು, ಒಂದು ಬಗೆಯ ಹಸಿರು. ಒಳಗೆ ಹೊಳೆ ಇರಲಿ, ದಿಬ್ಬ ಇರಲಿ, ಊರೇ ಇರಲಿ, ಎಲ್ಲವನ್ನೂ ಕೂಡಿಸಿ ಭಾಗಿಸಿ ಒಂದು ಸರಾಸರಿ. ಹೀಗೆ ಮಾಡುವುದು ಕಂಪ್ಯೂಟರಿಗೆ ಹಗುರ, ನಮಗೆ ಅದಕ್ಕಿಂತ ಹಗುರ. ನಿರ್ದೇಶಕರಿಗಂತೂ ನಕ್ಷೆ ರೇಷ್ಮೆ ಸೀರೆಯಂತೆ ನುಣುಪಾಗಿ, ಒಂದು ಬಣ್ಣ ಇನ್ನೊಂದಕ್ಕೆ ತಿಳಿಯದಂತೆ ಕರಗಬೇಕು. ಮಧ್ಯೆ ಎಲ್ಲಾದರೂ ಚುಕ್ಕೆ ಕಂಡರೆ "ಇದು ಏನು, ಕೊಳೆಯೇ?" ಎಂದು ಕೇಳುವರು. ನಾವು ಒರೆಸುತ್ತಿದ್ದೆವು.

ಇದರ ವಿರುದ್ಧ ಮೇಡಂ ಮಾಡಿದ ಅತ್ಯುತ್ತಮ ಉಪನ್ಯಾಸ ನಡೆದದ್ದು ಒಂದು ಉಡುಪಿ ಹೋಟೆಲಿನಲ್ಲಿ. ಅದು ನಮ್ಮ ಕನ್ನಡ ಸಂಘದವರೆಲ್ಲ ಭಾನುವಾರ ಸೇರುವ ಜಾಗ. ಮಾಲೀಕರು ಕುಂದಾಪುರದ ಕಡೆಯಿಂದ ಬಂದವರು. ನಾನು ಸಾಂಬಾರು ಬಾಯಿಗಿಟ್ಟು ಮುಖ ಹಿಂಡಿದೆ. ಬೆಲ್ಲದ ಪಾನಕದ ಹಾಗಿತ್ತು. ಮಾಲೀಕರೇ ಹತ್ತಿರ ಬಂದರು.

"ಎಂತ ಮಾಡುದು ಸರ್, ಸಿಹಿ ಹಾಕದಿದ್ರೆ ಇಲ್ಲಿಯವರು ಮುಟ್ಟುದಿಲ್ಲ. ಜಾಸ್ತಿ ಹಾಕಿದ್ರೆ ನಮ್ಮವರು ಬೈತಾರೆ. ಹಾಗೆ ನಡುವಿನದ್ದು ಮಾಡಿದ್ದು."

"ನಡುವಿನದ್ದು ಯಾರಿಗೆ ಇಷ್ಟ?" ಎಂದರು ಮೇಡಂ.

ಮಾಲೀಕರು ಪ್ರಾಮಾಣಿಕವಾಗಿ ಯೋಚಿಸಿದರು. "ಯಾರಿಗೂ ಇಲ್ಲ ಮೇಡಂ."

"ನೀವು ಏನು ಉಣ್ತೀರಿ?"

"ನಮಗೆ ಒಳಗೆ ಬೇರೆ ಉಂಟು."

ಮೇಡಂ ನನ್ನ ಕಡೆ ತಿರುಗಿ, "ನಿಮ್ಮ ಮಾಡೆಲ್ಲೂ ಇಷ್ಟೇ ಕಣಪ್ಪಾ" ಎಂದರು. ಒಳಗಿನ ಸಾಂಬಾರು ಬಂತು. ನಾನು ಅದನ್ನು ಹೊಟ್ಟೆತುಂಬ ಉಂಡು, ಉಪನ್ಯಾಸವನ್ನು ಅಲ್ಲೇ ಬಿಟ್ಟು ಬಂದೆ.

ಮೇಡಂ ದೇವತೆಯೇನೂ ಆಗಿರಲಿಲ್ಲ. ಅವರಿಂದ ವರದಿ ಬರೆಸುವುದೆಂದರೆ ಕಲ್ಲಿನಿಂದ ನಾರು ತೆಗೆದ ಹಾಗೆ. ಅಗೆದ ಪ್ರತಿ ಗುಂಡಿಯ ವಿವರವೂ ಅವರ ಬಾಯಿಯಲ್ಲಿತ್ತು, ಕಾಗದದಲ್ಲಿ ಮಾತ್ರ ಇರುತ್ತಿರಲಿಲ್ಲ. ಗಡುವು ಮುಗಿದು ಮೂರು ತಿಂಗಳಾದ ಮೇಲೆ ಬರಿಯ ಅಂಕಿಗಳ ಪಟ್ಟಿ ಕೊಡುವರು. ಅದರಲ್ಲೂ ಬರೆದದ್ದು ಒಂದೋ ಏಳೋ ತಿಳಿಯದು. ಕಂಪ್ಯೂಟರಿನವರನ್ನು ಕಂಡರೆ ಕಾರಣವಿಲ್ಲದೆ ಹರಿಹಾಯುವರು. ನನ್ನ ಸಹೋದ್ಯೋಗಿಯೊಬ್ಬಳನ್ನು, ಅವಳ ತಪ್ಪಿಲ್ಲದೆಯೇ, ಎಲ್ಲರೆದುರು "ನೀನು ಗದ್ದೆ ನೋಡಿರೋದು ಕ್ಯಾಲೆಂಡರಿನಲ್ಲಿ" ಎಂದು ಅಳಿಸಿದ್ದರು. ಆಕೆಯ ಅಪ್ಪ ರೈತ ಎಂದು ತಿಳಿದ ಮೇಲೂ ಕ್ಷಮೆ ಕೇಳಲಿಲ್ಲ. ಮರುದಿನ ಆಕೆಯ ಮೇಜಿನ ಮೇಲೆ ಒಂದು ಡಬ್ಬಿ ಚಿತ್ರಾನ್ನ ಇಟ್ಟುಹೋದರು. ಆಕೆ ತಿನ್ನಲಿಲ್ಲ. ನಾನು ತಿಂದೆ.

ಆ ಏಳು ಕಲ್ಲುಗಳ, ಎಂದರೆ ಏಳು ಗುಂಡಿಗಳ, ಸಂಗತಿ ನಡೆದದ್ದು ಇದೆಲ್ಲದರ ನಡುವೆ. ಒಂದು ಇಲಾಖೆಗೆ ನಕ್ಷೆ ಬೇಕಾಗಿತ್ತು: ಎಲ್ಲೆಲ್ಲಿ ನೆಲ ಬರಡಾಗಿದೆ, ಎಲ್ಲಿ ಬೇಲಿ ಹಾಕಿ ಗಿಡ ನೆಡಬಹುದು ಎಂಬ ನಕ್ಷೆ. ಮಾಡೆಲ್ ನಡೆಸುವವನು ನಾನು, ಮಣ್ಣು ತರುವವರು ಮೇಡಂ. ವಡೋದರಾದ ಉತ್ತರಕ್ಕೆ ಮಹಿ ನದಿಯ ದಂಡೆಯ ಒಂದು ಚೌಕದಲ್ಲಿ ಅವರು ಒಂದು ಚಳಿಗಾಲವಿಡೀ ಗುಂಡಿ ತೋಡಿಸಿದರು. ಅಂಕಿಗಳು ಬಂದವು. ಏಳು ಗುಂಡಿಗಳ ಮಣ್ಣು ಮಾತ್ರ ಉಳಿದವುಗಳಿಗಿಂತ ಎಷ್ಟೋ ಪಟ್ಟು ಸಾರವತ್ತಾಗಿ, ತೇವವಾಗಿ ಇತ್ತು. ಗ್ರಾಫಿನಲ್ಲಿ ಎಲ್ಲ ಚುಕ್ಕೆಗಳೂ ಸಭ್ಯರಂತೆ ಗೆರೆಯ ಪಕ್ಕ ನಿಂತರೆ ಈ ಏಳು ಎಲ್ಲೋ ಮೇಲೆ ತೇಲುತ್ತಿದ್ದವು. ವಿವರಣೆಯ ಟಿಪ್ಪಣಿ, ಯಥಾಪ್ರಕಾರ, ಬಂದಿರಲಿಲ್ಲ. ನಾನು ಕೇಳಲೂ ಇಲ್ಲ. ಅಂಥ ಚುಕ್ಕೆಗಳಿಗೆ ನಮ್ಮಲ್ಲಿ ಔಟ್‌ಲೈಯರ್ ಎಂಬ ಗೌರವದ ಹೆಸರಿದೆ. ಆ ಹೆಸರಿಟ್ಟ ಮೇಲೆ ಅಳಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಅಳಿಸಿದೆ. ಗೆರೆ ಸರಿಹೋಯಿತು. ಇಡೀ ಚೌಕ ಹದವಾದ ಕಂದು ಬಣ್ಣಕ್ಕೆ ತಿರುಗಿತು: 'ಬರಡು, ಗಿಡ ನೆಡಲು ಯೋಗ್ಯ.' ನಿರ್ದೇಶಕರು "ಬ್ಯೂಟಿಫುಲ್" ಎಂದರು.

ಎರಡು ದಿನದ ಮೇಲೆ ಮೇಡಂ ನನ್ನ ಮೇಜಿನ ಮುಂದೆ ನಿಂತಿದ್ದರು.

"ನನ್ನ ಏಳು ಗುಂಡಿ ಎಲ್ಲಿ ಹೋದವಪ್ಪಾ?"

"ಅವು ಔಟ್‌ಲೈಯರ್ ಅದಾವ್ರೀ ಮೇಡಂ."

"ಔಟ್‌ಲೈಯರ್ ಅಲ್ಲ ಕಣಯ್ಯಾ, ಅಲ್ಲಿ ಎಮ್ಮೆ ಮೇಯ್ತವೆ."

ನಾನು ನಕ್ಕೆ. ಅವರು ನಗಲಿಲ್ಲ. "ಶನಿವಾರ ರಜ ಅಲ್ವಾ? ಬೆಳಿಗ್ಗೆ ಆರಕ್ಕೆ ಬರ್ತೀನಿ, ತಯಾರಿರು" ಎಂದು ಹೊರಟುಹೋದರು.

ತಮ್ಮ ಹಳೆಯ ಕಾರಿನಲ್ಲಿ ತಾವೇ ಓಡಿಸಿಕೊಂಡು ಬಂದರು. ಮೊದಲು ಮಹಿಯನ್ನೂ ದಾಟಿಸಿ ವಡೋದರಾದ ಫತೇಗಂಜಿಗೆ ಕರೆದೊಯ್ದರು, ಬರಿಯ ಉಪಾಹಾರಕ್ಕೆ. ಪಿಎಚ್.ಡಿ. ಮಾಡುವಾಗ ಅಲ್ಲಿನ ಹಾಸ್ಟೆಲಿನಲ್ಲಿದ್ದರಂತೆ. ಗುಜರಾತಿ ಕಲಿತದ್ದೂ ಅಲ್ಲೇ. ಸೇವ್ ಉಸಳ್ ಅಂಗಡಿಯವನೊಂದಿಗೆ ಖಾರ ಕಡಿಮೆಯಾಯಿತೆಂದು ಜಗಳವಾಡಿದರು. ಅವರ ಗುಜರಾತಿ ವ್ಯಾಕರಣಶುದ್ಧ, ದನಿ ಮಾತ್ರ ಚಿತ್ರದುರ್ಗದ ಸಂತೆಯದು. ಅಲ್ಲಿಂದ ಹಿಂದಕ್ಕೆ ಬಂದು ಮಹಿಯ ದಂಡೆ ಹಿಡಿದೆವು.

ನೆಲ ಚಪ್ಪಟೆ ಇತ್ತು. ಒಣಗಿದ ಹುಲ್ಲು, ಬಳ್ಳಾರಿ ಜಾಲಿ, ದೂಳು. ನನ್ನ ನಕ್ಷೆ ಸರಿಯೇ ಇದೆಯಲ್ಲ ಎಂದು ಹೇಳಲು ಬಾಯಿ ತೆರೆದೆ. ನೂರು ಹೆಜ್ಜೆ ನಡೆದಿರಬೇಕು, ನೆಲವೇ ಮುಗಿದುಹೋಯಿತು. ಕಾಲ ಕೆಳಗೆ ಮೂರಾಳು ನಾಲ್ಕಾಳು ಆಳಕ್ಕೆ ಕೊರಕಲು. ಅದರ ಆಚೆ ಇನ್ನೊಂದು, ಅದರೊಳಗೆ ಮತ್ತೊಂದು, ಕೈಬೆರಳುಗಳ ಹಾಗೆ ಕವಲೊಡೆದು ನದಿಯ ಕಡೆ ಇಳಿದುಹೋಗಿದ್ದವು. ಮೇಲಿನಿಂದ ಮಳೆ ತೊಳೆದುಕೊಂಡು ಹೋದ ಒಳ್ಳೆಯ ಮಣ್ಣೆಲ್ಲ ಶತಮಾನಗಳಿಂದ ಆ ತಳದಲ್ಲಿ ಕೂತಿತ್ತು. ಅದು ಮಾರ್ಚ್ ತಿಂಗಳು. ಮೇಲೆ ಬೂದಿ, ತಳದಲ್ಲಿ ಮೊಣಕಾಲೆತ್ತರದ ಹಸಿ ಹುಲ್ಲು. ಅದರಲ್ಲಿ ಬೆನ್ನಷ್ಟೇ ಕಾಣುವಂತೆ ನಾಲ್ಕು ಎಮ್ಮೆ.

ಇಪ್ಪತ್ತೈದು ಕಿಲೋಮೀಟರಿನಲ್ಲಿ ನಾನು ಹುಡುಕದಿದ್ದ ವ್ಯತ್ಯಾಸ ನೂರು ಹೆಜ್ಜೆಯಲ್ಲಿತ್ತು. ಮೇಲಿನದನ್ನೂ ಕೆಳಗಿನದನ್ನೂ ಕೂಡಿಸಿ ಭಾಗಿಸಿದರೆ ಬರುವ ನೆಲ ಮೇಲೂ ಇರಲಿಲ್ಲ, ಕೆಳಗೂ ಇರಲಿಲ್ಲ. ನಾನು ಅದನ್ನೂ ಮಾಡಿರಲಿಲ್ಲ. ಕೆಳಗಿನದನ್ನು ಅಳಿಸಿ ಮೇಲಿನದನ್ನಷ್ಟೇ ಇಟ್ಟುಕೊಂಡಿದ್ದೆ.

ಎಮ್ಮೆಗಳ ಒಡತಿ ಜೀವಿಬೆನ್. ಮೇಡಂಗಿಂತ ಸ್ವಲ್ಪ ಹಿರಿಯಳು, ಕಡ್ಡಿಯಂತೆ ತೆಳ್ಳಗೆ, ಕೈತುಂಬ ಹಚ್ಚೆ. ದಂಡೆಯ ಮೇಲಿನ ಹತ್ತಾರು ಮನೆಗಳಲ್ಲಿ ಅವಳದೊಂದು. "ಆವೋ ಬೆನ್" ಎಂದು ತಂಗಿಯನ್ನು ಬರಮಾಡಿಕೊಂಡಂತೆ ಮೇಡಂಗೆ ಹಗ್ಗದ ಮಂಚ ಹಾಕಿದಳು. ನನ್ನನ್ನು ನೋಡಿ, ಇವನು ಯಾರು ಎಂದು ಕೇಳಿದಳು.

"ಕಂಪ್ಯೂಟರಿನಲ್ಲಿ ಕೆಲಸ ಮಾಡ್ತಾನೆ. ಹುಲ್ಲು ನೋಡೋಕೆ ಬಂದಿದ್ದಾನೆ" ಎಂದರು ಮೇಡಂ. ಅಷ್ಟೇ. ಅಳಿಸಿದ ಸುದ್ದಿ ಎತ್ತಲಿಲ್ಲ.

ಹಿಂದಿರುಗುವಾಗ ನಾನು, "ಸೋಮವಾರ ಏಳೂ ಗುಂಡಿ ವಾಪಸ್ ಹಾಕ್ತೀನ್ರಿ ಮೇಡಂ" ಎಂದೆ. ಆ ಕ್ಷಣಕ್ಕೆ ಅದು ನಿಜವಾಗಿತ್ತು.

ಸೋಮವಾರ ಹಾಕಿಯೂ ನೋಡಿದೆ. ಇಡೀ ಚೌಕ ನಕ್ಷೆಯ ಮಧ್ಯೆ ಕಜ್ಜಿಯಂತೆ ಹಸಿರಾಗಿ ಎದ್ದಿತು. ಪಕ್ಕದ ಚೌಕಗಳೊಡನೆ ಬಣ್ಣ ಹೊಂದಲಿಲ್ಲ. ನಿರ್ದೇಶಕರು ಕರೆಸಿ ಕೇಳಿದರು: "ಶುಕ್ರವಾರ ಚೆನ್ನಾಗಿತ್ತಲ್ಲ, ಏನಾಯಿತು?" ನಾನು ಕೊರಕಲಿನ ಕಥೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, "ಅವರ ಟಿಪ್ಪಣಿ ಇದೆಯೇ, ಲಿಖಿತದಲ್ಲಿ?" ಎಂದರು. ಇರಲಿಲ್ಲ. "ಮುಂದಿನ ವಾರ ಸೂರತ್‌ನಲ್ಲಿ ಇಲಾಖೆಯವರ ಮುಂದೆ ಇದನ್ನು ನೀವೇ ಮಂಡಿಸಬೇಕು. ನಿಮ್ಮ ಬಡ್ತಿಯ ಸಂದರ್ಶನ ಯಾವಾಗ?" ಎಂದೂ ಕೇಳಿದರು. ಎರಡು ಪ್ರಶ್ನೆಗಳಿಗೂ ಸಂಬಂಧವಿದೆ ಎಂದು ಅವರು ಹೇಳಲಿಲ್ಲ. ನಾನೇ ಜಾಣ.

ಮೇಡಂ ಹತ್ತಿರ ಓಡಿ ಟಿಪ್ಪಣಿ ಕೇಳಿದೆ. "ಬರೀತೀನಪ್ಪಾ, ಕಣ್ಣಾರೆ ನೋಡಿದ್ದೀಯಲ್ಲ, ಇನ್ನೇನು ಟಿಪ್ಪಣಿ?" ಎಂದರು. ಬರೆಯಲಿಲ್ಲ. ಇದನ್ನು ನನ್ನ ರಕ್ಷಣೆಗಾಗಿ ಹೇಳುತ್ತಿಲ್ಲ ಎಂದರೆ ಸುಳ್ಳಾಗುತ್ತದೆ.

ಸೂರತ್‌ನ ಸಭೆ ದೊಡ್ಡ ಹೋಟೆಲಿನಲ್ಲಿ. ಗೋಡೆತುಂಬ ನನ್ನ ನಕ್ಷೆ, ಶುಕ್ರವಾರದ ನಕ್ಷೆ. ಮೇಡಂ ಕೊನೆಯ ಸಾಲಿನಲ್ಲಿ ಕೂತಿದ್ದರು. ಇಲಾಖೆಯ ಹಿರಿಯರೊಬ್ಬರು ಮಹಿ ದಂಡೆಯ ಚೌಕದ ಮೇಲೆ ಕೆಂಪು ದೀಪದ ಚುಕ್ಕೆ ಆಡಿಸುತ್ತ, "ಇಲ್ಲಿ ಜನರು ಏನಾದರೂ ಉಪಯೋಗಿಸುತ್ತಾರೆಯೇ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ, ಸಭೆಗಳಲ್ಲಿ ಅಪರೂಪಕ್ಕೆ ಬರುವಂಥದು. ನನ್ನ ಬಾಯಲ್ಲಿ ಉತ್ತರವೂ ಇತ್ತು. ನಾನು ನಿರ್ದೇಶಕರ ಮುಖ ನೋಡಿ, "ಮಾಡೆಲಿನ ಪ್ರಕಾರ ಗಣನೀಯವಾಗಿ ಇಲ್ಲ ಸರ್" ಎಂದೆ.

ಹಿಂದಿನ ಸಾಲಿನಿಂದ ಮೇಡಂ ಎದ್ದು ನಿಂತರು. "ಅಲ್ಲಿ ಜನ ಇದಾರೆ. ಈ ಹುಡುಗ ನೋಡಿಕೊಂಡೂ ಬಂದಿದಾನೆ" ಎಂದು ಗುಜರಾತಿಯಲ್ಲಿ ಹೇಳಿದರು. ಸಭೆ ನನ್ನ ಕಡೆ ತಿರುಗಿತು. ನಿರ್ದೇಶಕರು ಮೈಕು ಹತ್ತಿರ ಎಳೆದುಕೊಂಡು, "ಮೇಡಂ, ನಿಮ್ಮ ವರದಿ ಬಂದರೆ ಖಂಡಿತ ಸೇರಿಸುತ್ತೇವೆ. ಈಗ ಊಟಕ್ಕೆ ಏಳೋಣವೇ?" ಎಂದರು. ಊಂಧಿಯು ಎಂಬ ಪಲ್ಯ ಇತ್ತು, ಘಾರಿ ಎಂಬ ಸಿಹಿ ಇತ್ತು. ಸಭೆ ಸರ್ವಾನುಮತದಿಂದ ಎದ್ದಿತು.

ಸಂಜೆ ಅಹಮದಾಬಾದಿನ ರೈಲಿನಲ್ಲಿ ನಮಗಿಬ್ಬರಿಗೂ ಎದುರುಬದುರು ಸೀಟು. ಕೆಲವು ಸಲ ರೈಲ್ವೆಯವರಿಗೂ ನ್ಯಾಯಪ್ರಜ್ಞೆ ಇರುತ್ತದೆ. ವಡೋದರಾ ದಾಟಿತು. ಮಹಿಯ ಸೇತುವೆ ಬರುವ ಮೊದಲು ಕಿಟಕಿಯಾಚೆ ಕೊರಕಲುಗಳು ಕಾಣತೊಡಗಿದವು, ಇಳಿಬಿಸಿಲಿನಲ್ಲಿ ಒಂದೊಂದರ ನೆರಳೂ ಬೇರೆ ಬೇರೆಯಾಗಿ.

"ನೋಡಪ್ಪಾ, ನಿನ್ನ ಚೌಕ ಬಂತು" ಎಂದರು.

ನಾನು ನಿದ್ದೆ ಬಂದವನಂತೆ ಕಣ್ಣು ಮುಚ್ಚಿಕೊಂಡೆ. ಸೇತುವೆಯ ಸದ್ದು ಬಂದು ಮುಗಿಯಿತು. ನಾನು ಕಣ್ಣು ಬಿಡಲಿಲ್ಲ. ಮಣಿನಗರ ಬಂದಾಗ ಅವರೇ ಮೊಣಕಾಲು ತಟ್ಟಿ, "ಏಳು, ಊರು ಬಂತು" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಅನುಕೂಲವಿತ್ತು.

ನನಗೆ ಬಡ್ತಿ ಸಿಕ್ಕಿತು. ಮಹಿ ದಂಡೆಗೆ ಬೇಲಿ ಸಿಕ್ಕಿತು. ಇಲಾಖೆಯವರು ನಕ್ಷೆ ಹೇಳಿದ ಕಡೆಯಲ್ಲೆಲ್ಲ ಒಂದೇ ಜಾತಿಯ ಗಿಡ ನೆಟ್ಟರು. ಚಪ್ಪಟೆ ನೆಲದ ಮೇಲೆ ನೆಟ್ಟವು ಮೊದಲ ಬೇಸಿಗೆಯಲ್ಲೇ ಒಣಗಿದವು. ಅವುಗಳ ಹೆಸರಿನ ಫಲಕ ಮಾತ್ರ ಸೊಂಪಾಗಿ ನಿಂತಿತು. ಗಿಡಗಳ ರಕ್ಷಣೆಗೆಂದು ಹಾಕಿದ ತಂತಿಬೇಲಿ ಕೊರಕಲಿಗಿಳಿಯುವ ದಾರಿಯನ್ನೂ ಸುತ್ತಿಕೊಂಡಿತು. ಕೆಳಗೆ ಹುಲ್ಲು ಬೆಳೆಯಿತು, ಒಣಗಿತು. ಮೇಲೆ ಜೀವಿಬೆನ್ ತನ್ನ ನಾಲ್ಕರಲ್ಲಿ ಎರಡು ಎಮ್ಮೆ ಮಾರಿದಳು. ಇದೆಲ್ಲ ನನಗೆ ಮೇಡಂ ಹೇಳಿದ್ದಲ್ಲ. ಅವರು ನನ್ನೆದುರು ಆ ಊರಿನ ಹೆಸರನ್ನೇ ಎತ್ತುತ್ತಿರಲಿಲ್ಲ. ಅವರ ಕಾರನ್ನು ಆಗಾಗ ಓಡಿಸುತ್ತಿದ್ದ ಅವರ ಮಗಳು ಸಂಘದ ರಾಜ್ಯೋತ್ಸವದಲ್ಲಿ ಸಿಕ್ಕಾಗ ಹೇಳಿದಳು. ಅಹಮದಾಬಾದಿನಲ್ಲೇ ಹುಟ್ಟಿ ಬೆಳೆದ ಹುಡುಗಿ; ಅವಳ ಕನ್ನಡ ಅಲ್ಲಲ್ಲಿ ಕುಂಟುತ್ತಿತ್ತು.

"ಅಂಕಲ್, ಮಮ್ಮಿ ಎವ್ರಿ ಸೆಕೆಂಡ್ ಸಾಟರ್‌ಡೇ ಅಲ್ಲಿ ಹೋಗ್ತಾಳೆ. ಅರಜೀ ಬರೀತಾಳೆ. ಅರಜೀ ಅಂದ್ರೆ... ಕನ್ನಡದಲ್ಲಿ ಏನು?"

"ಅರ್ಜಿ" ಎಂದೆ.

ವರದಿ ಎಂದರೆ ಮೈಮೇಲೆ ಮುಳ್ಳೇಳುತ್ತಿದ್ದ ಹೆಂಗಸು ಅರ್ಜಿ ಬರೆಯುತ್ತಿದ್ದರು! ತಾಲ್ಲೂಕಿಗೆ, ಜಿಲ್ಲೆಗೆ, ಇಲಾಖೆಗೆ, ಗುಜರಾತಿಯಲ್ಲಿ, ಸಮಯಕ್ಕೆ ಸರಿಯಾಗಿ. ಕೊನೆಗೆ ಬೇಲಿಯಲ್ಲೊಂದು ಬಾಗಿಲು ಇಡಿಸಿ, ಬೇಸಿಗೆಯ ತಿಂಗಳುಗಳಲ್ಲಿ ದನ ಇಳಿಸಲು ಅನುಮತಿ ಕೊಡಿಸಿದರು. ವರ್ಷಕ್ಕೊಮ್ಮೆ ಹೊಸದಾಗಿ ಅರ್ಜಿ ಕೊಟ್ಟು ಅನುಮತಿ ಪಡೆಯಬೇಕು, ಅಷ್ಟೇ. ಇಷ್ಟನ್ನು ಗೆಲ್ಲಲು ಅವರಿಗೆ ಮೂರು ವರ್ಷ ಹಿಡಿಯಿತು.

ಅವರ ಬೀಳ್ಕೊಡುಗೆಯಲ್ಲಿ ನಿರ್ದೇಶಕರು ಶಾಲು ಹೊದಿಸಿ, "ಇವರು ಸದಾ ಒಂದೇ ಸಮನಾದ ಶಾಂತ ಸ್ವಭಾವದವರು" ಎಂದರು. ಸಭೆಯಲ್ಲಿ ಇಬ್ಬರಿಗೆ ಕೆಮ್ಮು ಬಂತು. ಉತ್ತರವಾಗಿ ಮೇಡಂ ಮೂರೇ ವಾಕ್ಯ ಮಾತಾಡಿದರು: "ನನ್ನ ಪ್ರಯೋಗಾಲಯದ ಕೋಣೆಯನ್ನು ಸಭಾಕೋಣೆ ಮಾಡ್ತಾರಂತೆ. ಮಾಡಲಿ. ನಲ್ಲಿ ಸೋರುತ್ತೆ, ಅದನ್ನ ಮೊದಲು ರಿಪೇರಿ ಮಾಡಿಸಿ." ಆಮೇಲೆ ನನ್ನ ಹತ್ತಿರ ಬಂದು ಹೆಗಲಿನ ಶಾಲು ಸರಿಮಾಡಿಕೊಳ್ಳುತ್ತ, "ಚೆನ್ನಾಗಿರಪ್ಪಾ" ಎಂದರು. ಅಷ್ಟರಲ್ಲಿ ಫೋಟೋದವನು ನಮ್ಮನ್ನು ಸಾಲಾಗಿ ನಿಲ್ಲಿಸಿದ.

ಈ ಜನವರಿಯಲ್ಲಿ ಮಗಳು ಫೋನು ಮಾಡಿದಳು. ಹೃದಯಾಘಾತ, ಒಂದು ದಿನದಲ್ಲಿ ಎಲ್ಲ ಮುಗಿಯಿತಂತೆ. ಸಂಸ್ಥೆಯಲ್ಲಿ ಒಂದು ನಿಮಿಷ ಮೌನ ನಡೆದ ವಾರದ ಶನಿವಾರ ನಾನು ಬಸ್ಸು ಹಿಡಿದು ಮಹಿ ದಂಡೆಗೆ ಹೋದೆ. ಯಾಕೆ ಹೋದೆ ಎಂದು ದಾರಿಯುದ್ದಕ್ಕೂ ಕೇಳಿಕೊಂಡೆ. ಜೀವಿಬೆನ್‌ಗೆ ತಿಳಿಸಬೇಕಲ್ಲ, ಅದಕ್ಕೆ ಎಂದು ಹೇಳಿಕೊಂಡೆ. ತಿಳಿಸಲು ಫೋನು ಸಾಕಿತ್ತು.

ಅವಳು ಸುದ್ದಿ ಕೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸೊಸೆ ಒಳಗಿನಿಂದ ನೀರು ತಂದಿಟ್ಟಳು. ಕೊನೆಗೆ ಜೀವಿಬೆನ್ ನನ್ನ ಮುಖವನ್ನು ಸರಿಯಾಗಿ ನೋಡಿದಳು.

"ನೀನು ಒಂದು ಸಲ ಬೆನ್ ಜತೆ ಬಂದಿದ್ದೆ ಅಲ್ಲವಾ? ಹುಲ್ಲು ನೋಡೋಕೆ."

"ಹೌದು. ನಾನೇ ಆ ನಕ್ಷೆ ಮಾಡಿದವನು. ಬೇಲಿ ಬಂದದ್ದು ಅದರಿಂದಲೇ. ಇಲ್ಲಿನ ಮಣ್ಣು ಒಳ್ಳೆಯದು ಅಂತ ಬೆನ್ ಕೊಟ್ಟ ಲೆಕ್ಕವನ್ನು ನಾನೇ ತೆಗೆದುಹಾಕಿದೆ." ನನ್ನ ಹರಕುಮುರುಕು ಗುಜರಾತಿಯಲ್ಲಿ ಇಷ್ಟನ್ನು ಬಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡಿದ್ದೆ.

ಬೈಯುತ್ತಾಳೆಂದು ಕಾದೆ. ಅತ್ತರೆ ಸಮಾಧಾನ ಹೇಳಲು ಒಂದೆರಡು ಮಾತನ್ನೂ ಸಿದ್ಧಮಾಡಿಕೊಂಡಿದ್ದೆ. ಅವಳು ಎರಡೂ ಮಾಡಲಿಲ್ಲ.

"ಬರೆಯೋಕೆ ಬರುತ್ತಾ ನಿನಗೆ?" ಎಂದಳು.

"ಬರುತ್ತೆ."

"ಹಾಗಾದರೆ ಕೂತುಕೋ. ಈ ವರ್ಷದ ಅರ್ಜಿ ಕೊಡಬೇಕು. ಬೆನ್ ಬಂದು ಬರೀತೀನಿ ಅಂದಿದ್ದರು."

ಸೊಸೆ ಕಾಗದ, ಪೆನ್ನು, ಕಾಗದದ ಅಡಿಗಿಟ್ಟು ಬರೆಯಲು ಒಂದು ಸ್ಟೀಲ್ ತಟ್ಟೆ ತಂದುಕೊಟ್ಟಳು. ಜೀವಿಬೆನ್ ಹೇಳುತ್ತ ಹೋದಳು, ನಾನು ಬರೆಯುತ್ತ ಹೋದೆ. ಮೇಲಿನ ನೆಲ ಯಾತಕ್ಕೂ ಬಾರದು, ಅದನ್ನು ಬೇಕಾದರೆ ಇಟ್ಟುಕೊಳ್ಳಿ. ಇಳಿಜಾರಿನಲ್ಲಿ ಆಡು ಮೇಯುತ್ತವೆ. ತಳದಲ್ಲಿ ಎಮ್ಮೆ. ಉತ್ತರದ ಕವಲಿನಲ್ಲಿ ನೀರು ಏಪ್ರಿಲ್‌ವರೆಗೆ, ದಕ್ಷಿಣದ್ದರಲ್ಲಿ ಹೋಳಿಗೇ ಮುಗಿಯುತ್ತದೆ. ಎಲ್ಲವನ್ನೂ ಒಂದೇ ಸಾಲಿನಲ್ಲಿ ಸೇರಿಸಿ ಚುಟುಕಾಗಿ ಬರೆಯಲು ಹೋದೆ. ಸೊಸೆ ಇಣುಕಿ ನೋಡಿ, "ಅಮ್ಮ ಬೇರೆ ಬೇರೆ ಹೇಳಿದರಲ್ಲ, ಬೇರೆ ಬೇರೆ ಬರೆಯಿರಿ" ಎಂದಳು. ಎಂಟನೆಯ ತರಗತಿವರೆಗೆ ಓದಿದವಳಂತೆ. ನನ್ನ ಕಾಗುಣಿತದಲ್ಲಿ ಹನ್ನೊಂದು ತಪ್ಪು ತಿದ್ದಿದಳು. ಮೂರು ಹಾಳೆಯಾಯಿತು.

ಜೀವಿಬೆನ್ ಹೆಬ್ಬೆಟ್ಟು ಒತ್ತಿದಳು. ನಾನು ಪೆನ್ನಿನ ಮುಚ್ಚಳ ಹಾಕಿ ಏಳಹೋದೆ.

"ನೀನೂ ಸಹಿ ಹಾಕು" ಎಂದಳು.

"ನಾನ್ಯಾಕೆ? ನಾನು ಈ ಊರಿನವನಲ್ಲ."

"ಪ್ರತಿ ವರ್ಷ ಇಲಾಖೆಯ ಆ ಸಾಹೇಬ ಒಂದೇ ಮಾತು ಹೇಳ್ತಾನೆ, ನಕ್ಷೆಯಲ್ಲಿ ಹುಲ್ಲಿಲ್ಲ ಅಂತ. ಬೆನ್ ಎಷ್ಟು ಬರೆದರೂ ಅದೇ. ನೀನು ನಕ್ಷೆ ಮಾಡಿದವನು ಅಂತ ಬರಿ."

ಸರ್ಕಾರಿ ನೌಕರನೊಬ್ಬ ತನ್ನ ಸಂಸ್ಥೆಯ ನಕ್ಷೆ ತಪ್ಪೆಂದು ಇನ್ನೊಂದು ಇಲಾಖೆಗೆ ಅರ್ಜಿ ಹಾಕಿದರೆ ಅದಕ್ಕೆ ಯಾವ ನಿಯಮ, ಯಾವ ಉಪನಿಯಮ ಎಂದು ನನಗೆ ಗೊತ್ತಿತ್ತು. ಅದನ್ನು ಗುಜರಾತಿಯಲ್ಲಿ ವಿವರಿಸಲು ಬರಲಿಲ್ಲ. ಕನ್ನಡದಲ್ಲಾದರೂ ಆ ಹೆಂಗಸಿನೆದುರು ಬರುತ್ತಿತ್ತೆಂದು ಹೇಳಲಾರೆ. 'ನಕ್ಷೆ ಮಾಡಿದವನು, ಅದು ಇಲ್ಲಿ ತಪ್ಪಾಗಿದೆ' ಎಂದು ಬರೆದು ಕೆಳಗೆ ಸಹಿ ಗೀಚಿದೆ.

ಸೊಸೆ ಹಾಳೆಯನ್ನು ಬೆಳಕಿಗೆ ಹಿಡಿದಳು. "ಇದು ಯಾರಿಗೂ ಓದೋಕೆ ಬರಲ್ಲ. ಹೆಸರು ಬಿಡಿಸಿ ಬರೆಯಿರಿ."

ಬಿಡಿಸಿ ಬರೆದೆ, ಗುಜರಾತಿಯಲ್ಲಿ, ಒಂದೊಂದೇ ಅಕ್ಷರ.

ಸೋಮವಾರ ಅವರಿಬ್ಬರೂ ಹೋಗಿ ಅರ್ಜಿ ಕೊಟ್ಟು ಬಂದರು. ಹೋಳಿಯ ಹೊತ್ತಿಗೆ ಬಾಗಿಲು ತೆಗೆದರೆಂದು ಸೊಸೆ ಫೋನು ಮಾಡಿದಳು, ಎಮ್ಮೆಗಳು ಇಳಿದಿವೆಯಂತೆ. ಅದರ ಮರುವಾರ ನಿರ್ದೇಶಕರು ನನ್ನನ್ನು ಕರೆಸಿದರು. ಮೇಜಿನ ಮೇಲೆ ಆ ಮೂರು ಹಾಳೆಗಳ ನಕಲು, ಅದರ ಮೇಲೆ ಇಲಾಖೆಯ ಪತ್ರ. ಕೂರಲು ಹೇಳಲಿಲ್ಲ. ಹೊರಗಿನವರ ಎದುರು ಮಾಡೆಲಿನ ಮಾನ ಹರಾಜಾಯಿತೆಂದರು, ಇಷ್ಟು ವರ್ಷದ ಕೆಲಸವೆಂದರು, ನನ್ನ ಮುಂದಿನ ಬಡ್ತಿಯೆಂದರು. ಆಮೇಲೆ ದನಿ ತಗ್ಗಿಸಿ, ತಪ್ಪಿಸಿಕೊಳ್ಳಲು ಒಂದು ಸಂದು ಮಾಡಿಕೊಟ್ಟರು:

"ಸಹಿ ಸ್ಪಷ್ಟವಾಗಿಲ್ಲ. ಹೆಸರನ್ನು ಯಾರು ಬೇಕಾದರೂ ಬರೆದಿರಬಹುದು. ಯೋಚಿಸಿ ಹೇಳಿ. ಇದನ್ನು ಬರೆದವರು ನೀವೇನಾ?"

ಅವರು ಕೇಳಿದ್ದು ಹಿಂದಿಯಲ್ಲಿ, ಹಿಂದಿಯಲ್ಲೇ ಉತ್ತರಿಸಬೇಕಿತ್ತು. ಬಾಯಿಗೆ ಬಂದದ್ದು ಕನ್ನಡ.

"ಹೌದ್ರೀ, ನಾನ ಬರದೀನಿ."